ಸೀಮೆಯ ಗಿಡ, ಊರಿನ ಹೆಸರು

ಕನ್ನಡದಲ್ಲಿ ‘ಸೀಮೆ’ ಎಂಬ ಪದಕ್ಕೆ ಎಲ್ಲೆ ಎಂಬುದು ಮೂಲಾರ್ಥ, ಆ ಎಲ್ಲೆಯೊಳಗಿನ ನೆಲ ಎಂಬುದು ಎರಡನೆಯ ಅರ್ಥವಾಗಿ ಬೆಳೆದು ‘ಬಯಲುಸೀಮೆ’ಯಂತಹ ಮಾತುಗಳಲ್ಲಿ ನಿಂತಿದೆ, ಎಲ್ಲೆಯಾಚೆಯ, ಅದರಲ್ಲೂ ಕಡಲಾಚೆಯ ದೇಶ ಎಂಬುದು ಮೂರನೆಯ ಅರ್ಥವಾಗಿ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಗೊಬ್ಬರಗಳಲ್ಲಿ ಉಳಿದಿದೆ. ಒಳಗಿನದಕ್ಕೂ ಹೊರಗಿನದಕ್ಕೂ ಒಂದೇ ಪದವನ್ನು ಬಳಸುವ ಈ ರೂಢಿ ಬೆಂಗಳೂರಿನ ಪೂರ್ವಭಾಗದ ಸಸ್ಯಚರಿತ್ರೆಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು. ಕಮ್ಮನಹಳ್ಳಿಯ ಮುಖ್ಯರಸ್ತೆಯಿಂದ ಹೊರಟು ಲಿಂಗರಾಜಪುರ, ಕುಕ್ ಟೌನ್, ಫ್ರೇಜರ್ ಟೌನ್‌ಗಳನ್ನು ಹಾದು ಹಲಸೂರಿನ ಕೆರೆಯವರೆಗೆ ನಡೆಯುವವರು ದಾರಿಯಲ್ಲಿ ಕಾಣುವ ಹೂಮರಗಳಲ್ಲಿ ಮಡಗಾಸ್ಕರ್, ಮೆಕ್ಸಿಕೋ, ಬ್ರೆಜಿಲ್, ಪಶ್ಚಿಮ ಆಫ್ರಿಕಾ ಮೂಲದವು ಸಂಪಿಗೆ, ಹೊಂಗೆ, ಮುತ್ತುಗಗಳಷ್ಟೇ ಸಹಜವಾಗಿ ನಿಂತಿವೆ. ಇವು ಯಾವಾಗ, ಯಾರ ಕೈಯಿಂದ ಬಂದವು, ಬಂದ ಮೇಲೆ ಈ ಊರಿನವರು ಅವಕ್ಕೆ ಏನು ಹೆಸರಿಟ್ಟರು ಎಂಬುದನ್ನು ಹಿಡಿದು ಹೋದರೆ, ರಾಜಕೀಯ ಚರಿತ್ರೆಯ ಪುಸ್ತಕಗಳಲ್ಲಿ ಸಿಗದ ಒಂದು ನೆಲದ ಕಥೆ ತೆರೆದುಕೊಳ್ಳುತ್ತದೆ.

ಈ ಕಥೆಯ ಹೆಬ್ಬಾಗಿಲು ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಈ ತೋಟಕ್ಕೆ ಟಿಪ್ಪು ಸುಲ್ತಾನನು ಕಾಬೂಲ್, ಪರ್ಶಿಯಾ, ಮಾರಿಷಸ್‌ಗಳಿಂದ ಬೀಜ, ಸಸಿಗಳನ್ನು ತರಿಸಿದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಬ್ರಿಟಿಷ್ ಅಧಿಕಾರಿಗಳ ಕೈ ಸೇರಿ, ಕೆಲಕಾಲ ಕಂಪೆನಿಯ ಸಸ್ಯಶಾಸ್ತ್ರಜ್ಞರ, ಕೆಲಕಾಲ ಒಂದು ಕೃಷಿ–ತೋಟಗಾರಿಕೆ ಸಂಘದ ಉಸ್ತುವಾರಿಯಲ್ಲಿದ್ದು, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ತರಬೇತಿ ಪಡೆದ ವಿಲಿಯಂ ನ್ಯೂ 1858ರಲ್ಲಿ ಇಲ್ಲಿಗೆ ಬಂದರೆ, 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಮೂರು ದಶಕಕ್ಕೂ ಹೆಚ್ಚು ಕಾಲ ಇದ್ದು, ಗಾಜಿನ ಮನೆಯನ್ನೂ ಹೊರನಾಡಿನ ನೂರಾರು ಸಸ್ಯಗಳನ್ನೂ ಬಿಟ್ಟುಹೋದರು. ಸಸಿಗಳು ಇಷ್ಟು ದೂರ ಬದುಕಿ ಬಂದದ್ದಕ್ಕೆ ಒಂದು ಸರಳ ಉಪಕರಣ ಕಾರಣ. ನಥಾನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯನು ಮುಚ್ಚಿದ ಗಾಜಿನ ಸೀಸೆಯೊಳಗೆ ಜರೀಗಿಡವೊಂದು ತನ್ನ ಪಾಡಿಗೆ ಬೆಳೆಯುತ್ತಿರುವುದನ್ನು ಗಮನಿಸಿ, ಅದೇ ತತ್ತ್ವದ ಮೇಲೆ ಗಾಜಿನ ಪೆಟ್ಟಿಗೆಯನ್ನು ರೂಪಿಸಿದನು. ಎಲೆಯಿಂದ ಆವಿಯಾದ ನೀರು ಗಾಜಿಗೆ ತಗುಲಿ ಮತ್ತೆ ಮಣ್ಣಿಗೇ ಇಳಿಯುವುದರಿಂದ, ಹಡಗಿನ ಮೇಲಟ್ಟದಲ್ಲಿ ಉಪ್ಪುಗಾಳಿ ಸೋಕದೆ, ಸಿಹಿನೀರಿನ ಖರ್ಚಿಲ್ಲದೆ, ಸಸಿಗಳು ತಿಂಗಳುಗಟ್ಟಲೆ ಬದುಕುತ್ತಿದ್ದವು. 1833ರಲ್ಲಿ ಸಿಡ್ನಿಗೆ ಕಳುಹಿಸಿ ಪರೀಕ್ಷಿಸಲಾದ ಈ ಪೆಟ್ಟಿಗೆ ಮುಂದಿನ ನೂರು ವರ್ಷ ಖಂಡದಿಂದ ಖಂಡಕ್ಕೆ ಗಿಡಗಳನ್ನು ಹೊತ್ತಿತು.

ಲಾಲ್‌ಬಾಗ್ ಹೆಬ್ಬಾಗಿಲಾದರೆ ಕಂಟೋನ್ಮೆಂಟ್ ಅಂಗಳ. 1809ರಲ್ಲಿ ಹಲಸೂರಿನ ಬಳಿ ನೆಲೆಯೂರಿದ ದಂಡು ಮೈಸೂರು ಸಂಸ್ಥಾನದ ನಡುವೆಯೇ ಬೇರೊಂದು ಆಡಳಿತದ ತುಂಡಾಗಿ ಬೆಳೆದು, 1947ರ ಜುಲೈ 26ರಂದು ಮಾತ್ರ ಮೈಸೂರಿಗೆ ಮರಳಿತು. ಅಗಲವಾದ ರಸ್ತೆ, ರಸ್ತೆಯಿಂದ ದೂರಕ್ಕೆ ಕಟ್ಟಿದ ಬಂಗಲೆ, ಬಂಗಲೆಯ ಸುತ್ತ ಎಕರೆಗಟ್ಟಲೆ ಕಾಂಪೌಂಡು ಎಂಬುದು ಅಲ್ಲಿನ ವಿನ್ಯಾಸ. 1898ರ ಪ್ಲೇಗಿನ ನಂತರ ಉತ್ತರ ಮತ್ತು ಪೂರ್ವಕ್ಕೆ ಹಬ್ಬಿದ ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್‌ಗಳಂತಹ ಬಡಾವಣೆಗಳಲ್ಲಿ ಅದೇ ವಿನ್ಯಾಸ ಚಿಕ್ಕದಾಗಿ ಮುಂದುವರಿಯಿತು. ತವರಿನಿಂದ ದೂರ ಬಂದ ಅಧಿಕಾರಿಗಳ ಕುಟುಂಬಗಳು ಇಲ್ಲಿನ ತಂಪು ಹವೆಯಲ್ಲಿ ತಮ್ಮ ಊರಿನ ಹೂವುಗಳು ಅರಳುವುದನ್ನು ಕಂಡು ಹಿಗ್ಗಿದವು.

ಆ ಅಂಗಳಗಳ ಸ್ಥಿತಿಗೆ ಒಂದು ಲಿಖಿತ ಸಾಕ್ಷ್ಯವಿದೆ. 1896ರಲ್ಲಿ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದ ವಿನ್ಸ್ಟನ್ ಚರ್ಚಿಲ್, ತಾನು ಗೆಳೆಯರೊಂದಿಗೆ ಬಾಡಿಗೆಗೆ ಹಿಡಿದ ಬಂಗಲೆಯ ತೋಟದಲ್ಲಿ ಸುಮಾರು 150 ಗುಲಾಬಿ ಗಿಡಗಳಿದ್ದುದನ್ನು ಆತ್ಮಕಥನದಲ್ಲಿ ತಳಿಗಳ ಹೆಸರಿನ ಸಮೇತ ನೆನೆದಿದ್ದಾನೆ: ಮಾರೆಶಾಲ್ ನೀಲ್, ಲಾ ಫ್ರಾನ್ಸ್, ಗ್ಲ್ವಾರ್ ದ ದಿಜೋನ್. ಮೂರೂ ಫ್ರೆಂಚ್ ತಳಿಗಳು. ಮೂರಕ್ಕೂ 1850–60ರ ದಶಕಗಳಲ್ಲಿ ಹುಟ್ಟು. ಯೂರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಮಾತ್ರ ಅರಳುತ್ತಿದ್ದವು. ಮತ್ತೆ ಮತ್ತೆ ಹೂಬಿಡುವ ಗುಣ ಅವಕ್ಕೆ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿಗೆ ತಲುಪಿದ ಚೀನಾದ ಗುಲಾಬಿಗಳ ಸಂಕರದಿಂದ, ಮತ್ತು ಆ ಚೀನೀ ಗಿಡಗಳಲ್ಲಿ ಕೆಲವು ಹಾದುಬಂದದ್ದು ಕಲ್ಕತ್ತೆಯ ತೋಟವನ್ನು. ಚೀನಾದಿಂದ ಬಂಗಾಳಕ್ಕೆ, ಬಂಗಾಳದಿಂದ ಯೂರೋಪಿಗೆ, ಯೂರೋಪಿನಿಂದ ಬೆಂಗಳೂರಿಗೆ ಹೀಗೆ ಸುತ್ತಿಬಂದ ಹೂವನ್ನು ‘ಇಂಗ್ಲಿಷರ ಹೂವು’ ಎನ್ನುವುದು ಅರ್ಧ ಸತ್ಯವೇ ಸರಿ. ಅದೇ ಚರ್ಚಿಲ್ ತನ್ನ ತೋಟದಲ್ಲಿ 65ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳನ್ನು ಹಿಡಿದು ಜೋಡಿಸಿದ್ದನು. ಒಂದು ಇಲಿ ಆ ಸಂಗ್ರಹವನ್ನೆಲ್ಲ ತಿಂದುಹಾಕಿತು. ಒಂದೇ ಕಾಂಪೌಂಡಿನಲ್ಲಿ ಅಷ್ಟು ಬಗೆಯ ಚಿಟ್ಟೆಗಳಿದ್ದವು ಎಂಬ ಸಂಗತಿ, ಅಂದಿನ ಕಂಟೋನ್ಮೆಂಟಿನ ಪೊದೆ, ಹುಲ್ಲು, ಕೆರೆಯಂಚುಗಳ ಸಮೃದ್ಧಿಯನ್ನು ಯಾವ ಗೆಜೆಟಿಯರಿಗಿಂತಲೂ ಚೆನ್ನಾಗಿ ಹೇಳುತ್ತದೆ.

ಬಂಗಲೆಗಳಿಗೆ ಹಾಲು, ತರಕಾರಿ, ಹೂವು ಹೋಗುತ್ತಿದ್ದುದು ಸುತ್ತಲಿನ ಹಳ್ಳಿಗಳಿಂದ. ಕಮ್ಮನಹಳ್ಳಿ, ಬಾಣಸವಾಡಿ, ಕಾಚರಕನಹಳ್ಳಿ, ಹೆಣ್ಣೂರುಗಳು ಇಂದು ಮಹಡಿಮನೆಗಳ ಬಡಾವಣೆಗಳಾದರೂ, ಆಗ ಕಂಟೋನ್ಮೆಂಟಿನ ಅಂಚಿನಲ್ಲಿ ಕೆರೆ, ಬಾವಿಗಳ ನೀರನ್ನು ನೆಚ್ಚಿದ ಹೊಲ–ತೋಟಗಳ ಊರುಗಳು. ದಂಡಿನವರ ಊಟದ ಮೇಜಿಗೆ ಬೇಕಾದ ಕೋಸು, ಬೀಟ್‌ರೂಟು, ಗಜ್ಜರಿಗಳನ್ನು ಬೆಳೆಯುವುದನ್ನು ಕಲಿತ ಇಂತಹ ಹಳ್ಳಿಗಳ ರೈತರೇ ಲಾಲ್‌ಬಾಗಿನ ಪ್ರಯೋಗಗಳನ್ನು ನಾಡಿಗೆ ಹಂಚಿದ ನಿಜವಾದ ಕೈಗಳು. ಕ್ಯಾಮರಾನ್ ಕಾಲದಲ್ಲಿ ಬಂದ, ಮೆಕ್ಸಿಕೋ ಸುತ್ತಿನ ಮಧ್ಯ ಅಮೆರಿಕ ಮೂಲದ ಒಂದು ಬಳ್ಳಿಯ ಕಾಯಿಗೆ ಕನ್ನಡಿಗರು ‘ಸೀಮೆಬದನೆ’ ಎಂದು ಹೆಸರಿಟ್ಟರು. ಅದು ಬದನೆಯ ಜಾತಿಯದಲ್ಲ, ಸೋರೆ–ಕುಂಬಳಗಳ ಬಳಗದ್ದು. ಇದೇ ಕಾಯಿ ಬೆಂಗಳೂರಿನಿಂದ ನೆರೆನಾಡುಗಳಿಗೆ ಹೋದಾಗ ತಮಿಳರು ಅದನ್ನು ‘ಬೆಂಗಳೂರು ಕತ್ತರಿಕಾಯಿ’ ಎಂದೂ ತೆಲುಗರು ‘ಬೆಂಗಳೂರು ವಂಕಾಯ’ ಎಂದೂ ಕರೆದರು. ಬೆಂಗಳೂರಿನವರಿಗೆ ಕಡಲಾಚೆಯದಾದ ಗಿಡ ನೆರೆಯವರಿಗೆ ಬೆಂಗಳೂರಿನದೇ ಆಯಿತು. ಅಮೆರಿಕದ ಇಸಾಬೆಲ್ಲಾ ತಳಿಯಿಂದ ಬಂದ ಕಪ್ಪುನೀಲಿ ದ್ರಾಕ್ಷಿಯೂ ಹೀಗೆಯೇ ‘ಬೆಂಗಳೂರು ಬ್ಲೂ’ ಎನಿಸಿಕೊಂಡು, 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆಯಿತು. ಅಂದರೆ ಈ ನೆಲದ ಹೆಸರನ್ನು ಹೊರುವ ಕಾನೂನುಬದ್ಧ ಹಕ್ಕು ಅದಕ್ಕೆ ದೊರೆಯಿತು.

ರಸ್ತೆಬದಿಯ ಮರಗಳ ಕಥೆ ಬೇರೆ ರೀತಿಯದು. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿ, ಕ್ಯೂ ಉದ್ಯಾನದಲ್ಲೂ ಬರೋಡೆಯಲ್ಲೂ ದುಡಿದು, 1908ರಲ್ಲಿ ಲಾಲ್‌ಬಾಗಿಗೆ ಬಂದ ಜಿ.ಎಚ್. ಕ್ರುಂಬಿಗಲ್, ಬೀದಿಯ ಮರಗಳನ್ನು ಆರಿಸುವಾಗ ಸರದಿ ಹೂಬಿಡುವಿಕೆ ಎನ್ನಬಹುದಾದ ಒಂದು ಸೂತ್ರವನ್ನು ಅನುಸರಿಸಿದರು: ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಮತ್ತೊಂದು ಜಾತಿ ಅರಳಿ, ವರ್ಷದ ಯಾವ ತಿಂಗಳಲ್ಲೂ ಊರು ಬರಿದಾಗಿ ಕಾಣದಂತೆ ನೆಡುವುದು. ಫೆಬ್ರುವರಿ–ಮಾರ್ಚ್‌ನಲ್ಲಿ ದಕ್ಷಿಣ ಅಮೆರಿಕದ ನೀಲಿ ಜಕರಂಡ, ಏಪ್ರಿಲ್–ಮೇ ತಿಂಗಳಲ್ಲಿ ಮಡಗಾಸ್ಕರಿನ ಗುಲ್‌ಮೊಹರ್, ಇವುಗಳ ನಡುವೆ ಊರಿನದೇ ಆದ ಕಕ್ಕೆ, ಹೊಂಗೆ ಎಂಬಂತೆ ಬಣ್ಣಗಳು ಕೈ ಬದಲಾಯಿಸುತ್ತವೆ. 1932ರವರೆಗೆ ಲಾಲ್‌ಬಾಗಿನಲ್ಲಿ ದುಡಿದ ಕ್ರುಂಬಿಗಲ್ ತಾವು ಹುಟ್ಟಿದ ನಾಡಿಗೆ ಹಿಂದಿರುಗದೆ, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡು ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣಾದರು. ತಾವು ನೆಟ್ಟ ಮರಗಳಂತೆಯೇ ಅವರೂ ಇಲ್ಲಿ ಬೇರೂರಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳ್ತನದಲ್ಲಿ ಲಕ್ಷಾಂತರ ಸಸಿಗಳನ್ನು ನೆಟ್ಟಾಗ ಹೊಸ ಬಡಾವಣೆಗಳಿಗೂ ನೆರಳು ಬಂದಿತು. ಇಂದು ಛಾಯಾಚಿತ್ರಕಾರರು ಬೆನ್ನಟ್ಟುವ ಗುಲಾಬಿ ಬಣ್ಣದ ಟಬೂಬಿಯಾ, ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ವೃಕ್ಷ. ಅದಕ್ಕೆ ಕನ್ನಡದ ಹೆಸರು ಇನ್ನೂ ಹುಟ್ಟಿಲ್ಲ.

ಹೆಸರು ಹುಟ್ಟುವುದಕ್ಕೆ ಮಕ್ಕಳ ಆಟವೂ ಬೇಕಾಗುತ್ತದೆ. ಗುಲ್‌ಮೊಹರಿನ ಒಣಗಿದ ಉದ್ದನೆಯ ಕಾಯಿಯನ್ನು ಕತ್ತಿಯಂತೆ ಹಿಡಿದು ಕಾದಾಡಿದ ಮಕ್ಕಳಿಂದ ಅದು ‘ಕತ್ತಿಕಾಯಿ ಮರ’ವಾಯಿತು. ಪಶ್ಚಿಮ ಆಫ್ರಿಕಾದ ಸ್ಪಾತೋಡಿಯಾದ ಮೊಗ್ಗನ್ನು ಹಿಚುಕಿದರೆ ಪಿಚಕಾರಿಯಂತೆ ನೀರು ಚಿಮ್ಮುವುದರಿಂದ ಅದು ‘ನೀರುಕಾಯಿ ಮರ’ವಾಯಿತು. ಮೋಡ ಕವಿದಾಗ ಎಲೆ ಮಡಚುವ ಅಮೆರಿಕದ ದೊಡ್ಡ ಛತ್ರಿಯಂತಹ ಮರ ‘ಮಳೆಮರ’ವಾಯಿತು. ಆಫ್ರಿಕಾದ ಹಲವು ದೇಶಗಳಿಂದ ಓದಲು ಬಂದ ವಿದ್ಯಾರ್ಥಿಗಳು ಇಂದು ಕಮ್ಮನಹಳ್ಳಿಯಲ್ಲಿ ನೆಲೆಸಿದ್ದಾರೆ. ಅವರ ಖಂಡದ ಕೆಂಪು ಹೂವಿನ ಸ್ಪಾತೋಡಿಯಾ ಅವರಿಗಿಂತ ಬಹಳ ಮೊದಲೇ ಬಂದು, ಇಲ್ಲಿನ ಮಕ್ಕಳ ಬಾಯಲ್ಲಿ ಹೆಸರು ಪಡೆದಿತ್ತು. ಬೇಲಿಯ ಮೇಲೆ ಹರಡುವ ಬೋಗನ್‌ವಿಲ್ಲಾ ‘ಕಾಗದದ ಹೂ’ ಎನಿಸಿಕೊಂಡದ್ದೂ ನೋಟದ ನಿಖರತೆಯಿಂದಲೇ, ಏಕೆಂದರೆ ಅದರ ಬಣ್ಣದ ಭಾಗ ದಳವಾಗಿರದೆ ಹೂವನ್ನು ಸುತ್ತುವ ತೆಳುವಾದ ಎಲೆ. ನಿಜವಾದ ಹೂವು ನಡುವಿನ ಸಣ್ಣ ಬಿಳಿಯ ಕೊಳವೆ. ಫ್ರೆಂಚ್ ನಾವಿಕ ಬೂಗನ್‌ವೀಲ್‌ನ 1766–69ರ ಯಾನದಲ್ಲಿ ಬ್ರೆಜಿಲ್ ತೀರದಲ್ಲಿ ಈ ಬಳ್ಳಿಯನ್ನು ಗುರುತಿಸಿದ ಸಸ್ಯಶಾಸ್ತ್ರಜ್ಞ ಕೊಮ್ಮರ್ಸನ್‌ನ ಸಹಾಯಕಿ ಜಾನ್ ಬಾರೆ, ಹೆಂಗಸರಿಗೆ ಹಡಗಿನಲ್ಲಿ ಪ್ರವೇಶವಿಲ್ಲದ ಕಾರಣ ಗಂಡಸಿನ ವೇಷದಲ್ಲಿದ್ದಳು. ಮುಂದೆ ಭೂಮಿಯನ್ನು ಸುತ್ತಿಬಂದ ಮೊದಲ ಮಹಿಳೆ ಎಂದು ಚರಿತ್ರೆಯಲ್ಲಿ ನಿಂತಳು.

ಬಂದವೆಲ್ಲವೂ ಸ್ನೇಹದಿಂದ ನಡೆದುಕೊಳ್ಳಲಿಲ್ಲ. ತೋಟದ ಅಲಂಕಾರಕ್ಕೆಂದು ಅಮೆರಿಕದಿಂದ ತಂದ ಲಂಟಾನ ಬೇಲಿ ಜಿಗಿದು ಕಾಡು ಸೇರಿ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಹುಲ್ಲನ್ನೂ ಎಳೆಯ ಸಸಿಗಳನ್ನೂ ಒತ್ತಿಹಾಕಿತು. ಜಿಂಕೆ, ಕಾಟಿಗಳ ಮೇವು ಕಡಿಮೆಯಾಗುವುದಕ್ಕೆ ಅದು ನೇರ ಕಾರಣ. ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿಗಳಿಂದ ಕುರ್ಚಿ, ಮೇಜುಗಳನ್ನು ಹೆಣೆಯಲು ಕಲಿತದ್ದು ಈ ಹಾನಿಯ ನಡುವೆ ಮನುಷ್ಯರು ಕಂಡುಕೊಂಡ ಒಂದು ದಾರಿ. ಅಮೆಜಾನ್ ನದೀಪ್ರದೇಶದ ನೇರಳೆ ಹೂವಿನ ಜಲಕುಂಭಿ, ಅಂದರೆ ಗಾಳಿ ತುಂಬಿದ ತೊಟ್ಟುಗಳಿಂದ ತೇಲುವ ನೀರುಗಿಡ, ಚರಂಡಿಯ ನೀರು ಸೇರಿದ ಬೆಂಗಳೂರಿನ ಕೆರೆಗಳನ್ನು ಮುಚ್ಚಿತು. ಮೆಕ್ಸಿಕೋ ಕೊಲ್ಲಿಯ ಸುತ್ತಿನ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ಆಮದು ಗೋಧಿಯೊಡನೆ ಬಂದದ್ದೆಂದು ಹೆಸರಾಗಿ, ಬಿಳಿ ಟೋಪಿಯಂತಹ ಹೂವಿನಿಂದ ‘ಕಾಂಗ್ರೆಸ್ ಗಿಡ’ ಎನಿಸಿಕೊಂಡು, ಬೆಂಗಳೂರಿನ ಹೊಸ ಬಡಾವಣೆಗಳ ಪ್ರತಿಯೊಂದು ಖಾಲಿ ನಿವೇಶನವನ್ನೂ ಆಕ್ರಮಿಸಿತು. ಅದರ ಪರಾಗ ಮೂಗಿಗೆ ಹೋದವರಿಗೆ ಸೀನು, ಮೈಗೆ ತಾಗಿದವರಿಗೆ ತುರಿಕೆ.

ಇಲ್ಲಿಗೆ ಹೊರನಾಡಿನ ಒಂದು ಪುಟ್ಟ ಕಾಡುಜೀವಿ ಪ್ರವೇಶಿಸುತ್ತದೆ. ಒಂದು ಗಿಡವನ್ನು ತವರಿನಲ್ಲಿ ಹತೋಟಿಯಲ್ಲಿಡುವ ಕೀಟವನ್ನೇ ತಂದು ಬಿಡುವ ಕ್ರಮಕ್ಕೆ ಜೈವಿಕ ನಿಯಂತ್ರಣ ಎಂದು ಹೆಸರು. ತಂದ ಕೀಟ ಬೇರೆ ಬೆಳೆಗಳನ್ನು ಮುಟ್ಟುವುದಿಲ್ಲವೆಂದು ಮೊದಲು ಮುಚ್ಚಿದ ಕೋಣೆಗಳಲ್ಲಿ ಪರೀಕ್ಷಿಸಬೇಕಾಗುತ್ತದೆ. ಹೀಗೆ ಪರೀಕ್ಷಿಸಿದ ಮೆಕ್ಸಿಕೋದ ಜೈಗೋಗ್ರಾಮ ಎಂಬ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಕೆನೆಬಣ್ಣದ ಬೆನ್ನ ಮೇಲೆ ಕಂದು ಗೆರೆಗಳಿರುವ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಾದ ಈ ಹುಳು ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆಯನ್ನು ಬೋಳಾಗಿಸುತ್ತದೆ. ಅದೇ ಕಾಲದಲ್ಲಿ ದಕ್ಷಿಣ ಅಮೆರಿಕ ಮೂಲದ ಮೂತಿಹುಳುಗಳನ್ನು ಜಲಕುಂಭಿ ತಿನ್ನಲೆಂದು ಬೆಂಗಳೂರಿನ ಕೆರೆಗಳಿಗೆ ಬಿಡಲಾಯಿತು. ಕಳೆ ಪೂರ್ತಿ ಅಳಿಯಲಿಲ್ಲವಾದರೂ, ಈ ಎರಡು ಪ್ರಯೋಗಗಳು ದೇಶದ ಕೃಷಿವಿಜ್ಞಾನದಲ್ಲಿ ಬೆಂಗಳೂರು ಮಾಡಿದ ದೊಡ್ಡ ಕೆಲಸಗಳ ಸಾಲಿಗೆ ಸೇರುತ್ತವೆ. ಇದಕ್ಕೆ ವಿರುದ್ಧವಾದ ಉದಾಹರಣೆ ಪೂರ್ವ ಆಫ್ರಿಕಾದ ದೈತ್ಯ ಬಸವನಹುಳು. ಅದನ್ನು 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಹವ್ಯಾಸಿ ಶಂಖುಸಂಗ್ರಾಹಕ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದನು, ಅಲ್ಲಿಂದ ಅದು ದೇಶವನ್ನೆಲ್ಲ ಹಬ್ಬಿತು. ಬೆಂಗಳೂರಿನ ಮನೆಯಂಗಳಗಳಲ್ಲಿ ಮಳೆ ನಿಂತ ರಾತ್ರಿ ಸೇವಂತಿಗೆಯ ಎಳೆಯ ಸಸಿಗಳನ್ನು ಬುಡಸಮೇತ ಮೇಯುವುದು ಇದೇ ಹುಳು.

ದೊಡ್ಡ ಪ್ರಾಣಿಗಳ ಪಾಲಿಗೆ ಬಂದದ್ದು ಪಂಜರ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಾಲ್‌ಬಾಗಿನೊಳಗೆ ಹುಲಿ, ಕರಡಿ, ಪಕ್ಷಿಗಳ ಒಂದು ಸಂಗ್ರಹವಿತ್ತು. ಅದು ಮುಚ್ಚಿಹೋಗಿ, ಆ ಕಾಲದ ಪಾರಿವಾಳದ ಗೂಡು ಮಾತ್ರ ಇಂದಿಗೂ ನಿಂತಿದೆ. ಸಂಸ್ಥಾನದ ಪ್ರಾಣಿಸಂಗ್ರಹದ ಕೇಂದ್ರವಾದದ್ದು 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಮೈಸೂರಿನಲ್ಲಿ ಸ್ಥಾಪಿಸಿದ ಮೃಗಾಲಯ. ಬೆಂಗಳೂರಿನ ಮೂರು ತಲೆಮಾರಿನ ಮಕ್ಕಳು ಶಾಲೆಯ ಪ್ರವಾಸಗಳಲ್ಲಿ ಆಫ್ರಿಕಾದ ಜಿರಾಫೆಯನ್ನು ಮೊದಲು ಕಂಡದ್ದು ಅಲ್ಲಿ. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಅಲ್ಲಿಗೆ ಬಂದ ಪೋಲೋ ಎಂಬ ಗೊರಿಲ್ಲಾ, ಇಡೀ ದೇಶದಲ್ಲಿ ತನ್ನ ಜಾತಿಯ ಇನ್ನೊಂದು ಜೀವವಿಲ್ಲದೆ ವರ್ಷಗಟ್ಟಲೆ ಬದುಕಿ, 2014ರಲ್ಲಿ ಸತ್ತಿತು. ಗಿಡಕ್ಕೂ ಪ್ರಾಣಿಗೂ ಇರುವ ವ್ಯತ್ಯಾಸವನ್ನು ಈ ಒಂಟಿ ಜೀವ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿತು: ಗಾಜಿನ ಪೆಟ್ಟಿಗೆಯಲ್ಲಿ ಬಂದ ಒಂದು ಸಸಿ ಹೊಸ ಮಣ್ಣಿನಲ್ಲಿ ವಂಶ ಬೆಳೆಸಬಲ್ಲದು, ಬಳಗವನ್ನು ಕಳೆದುಕೊಂಡ ವಾನರ ಹಾಗೆ ಬಾಳಲಾರದು. 2021ರಲ್ಲಿ ಜರ್ಮನಿಯಿಂದ ಮೈಸೂರಿಗೆ ಬಂದ ಗೊರಿಲ್ಲಾಗಳು ಎರಡಿದ್ದವು ಎಂಬುದು ಆ ಪಾಠ ತಲುಪಿತೆಂಬುದರ ಗುರುತು.

ಊರಿನ ಸ್ವಂತ ಕಾಡುಜೀವಿಗಳು ಈ ಪರದೇಶದ ಮರಗಳನ್ನು ಮರುಮಾತಿಲ್ಲದೆ ಒಪ್ಪಿಕೊಂಡವು. ಮಳೆಮರದ ಎತ್ತರದ ಕೊಂಬೆಗಳಲ್ಲಿ ಹದ್ದುಗಳು ಗೂಡು ಕಟ್ಟುತ್ತವೆ. ಹೊರನಾಡಿನ ಹೂಗಳ ಮಕರಂದಕ್ಕೂ ಸೂರಕ್ಕಿಗಳು, ಅಂದರೆ ಬಾಗಿದ ಕೊಕ್ಕಿನ ಪುಟ್ಟ ಜೇನುಹೀರುಕಗಳು ಬರುತ್ತವೆ. ಆದರೆ ಕಾಡುಪಾಪ ಮಾತ್ರ ಹಿಂದೆ ಸರಿಯಿತು. ಅಂಗೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣ, ದೊಡ್ಡ ಕಣ್ಣುಗಳ ಈ ನಿಶಾಚರಿ ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ನಡೆದೇ ಹೋಗುವ ಪ್ರಾಣಿ. ಮರದ ತಲೆಗಳು ಒಂದಕ್ಕೊಂದು ತಾಗದ ಕಡೆ ಅದಕ್ಕೆ ದಾರಿಯೇ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಂತಹ ದಟ್ಟ ಮರಗಳ ಜಾಗಗಳಲ್ಲಿ ಅದು ಇನ್ನೂ ಉಳಿದಿದೆ. ಕಾಡುಪಾಪಕ್ಕೆ ಮರ ಯಾವ ದೇಶದ್ದೆಂಬುದಕ್ಕಿಂತ ಪಕ್ಕದ ಮರ ಎಷ್ಟು ದೂರದಲ್ಲಿದೆ ಎಂಬುದು ಮುಖ್ಯ, ಮತ್ತು ಕಮ್ಮನಹಳ್ಳಿಯಂತಹ ಬಡಾವಣೆಗಳು ಸೋತಿರುವುದು ಈ ಲೆಕ್ಕದಲ್ಲಿಯೇ.

‘ಸೀಮೆ’ ಎಂಬ ಗುರುತನ್ನು ಪೂರ್ತಿ ಕಳಚಿಕೊಂಡ ಹೂವುಗಳು ದೇವರ ಮುಡಿಗೆ ಏರಿದವು. ದಕ್ಷಿಣ ಅಮೆರಿಕದ ಗಯಾನಾ ಕಾಡುಗಳ ಒಂದು ಮರದ ಹೂವಿನೊಳಗೆ ಕೇಸರಗಳು ಹೆಡೆಯಂತೆ ಬಾಗಿ ನಡುವಿನ ಗುಂಡನೆಯ ಭಾಗವನ್ನು ಮುಚ್ಚುತ್ತವೆ; ಅದರಲ್ಲಿ ಲಿಂಗಕ್ಕೆ ನೆರಳು ಹಿಡಿದ ನಾಗನನ್ನು ಕಂಡ ಭಕ್ತರು ‘ನಾಗಲಿಂಗ ಪುಷ್ಪ’ ಎಂದು ಕರೆದು, ಶಿವಾಲಯಗಳ ಅಂಗಳದಲ್ಲಿ ನೆಟ್ಟರು. ಗುಡಿಗಳ ಬಳಿ ಬಿಳಿಹೂ ಚೆಲ್ಲುವ ದೇವಕಣಗಿಲೆಯದು ಅಮೆರಿಕ ಖಂಡದ ಮೂಲ. ಸುಗಂಧರಾಜ ಮೆಕ್ಸಿಕೋದ್ದು; ಚೆಂಡುಹೂವೂ ಅಲ್ಲಿಯದೇ, ಪೋರ್ಚುಗೀಸರ ಹಡಗುಗಳು ಕಡಲ ದಾರಿ ತೆರೆದ ಮೇಲೆ ಇಲ್ಲಿಗೆ ಬಂದದ್ದು. 1927ರಲ್ಲಿ ಶಿವಾಜಿನಗರದಲ್ಲಿ ಕಟ್ಟಿಸಿದ ರಸೆಲ್ ಮಾರುಕಟ್ಟೆಯ ಸುತ್ತ ಇವು ಮೊಳಗಟ್ಟಲೆ, ಕೆ.ಜಿ.ಗಟ್ಟಲೆ ಮಾರಾಟವಾಗುತ್ತವೆ, ಹಲಸೂರಿನ ಸೋಮೇಶ್ವರನ ಸುತ್ತ ನಡೆಯುವ ಹೂವಿನ ಪಲ್ಲಕ್ಕಿಗಳಿಗೂ, ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮರಿಯಮ್ಮನವರ ತೇರಿಗೂ, ಮದುವೆಮನೆಯ ಮಂಟಪಕ್ಕೂ, ಕೊನೆಯ ಯಾತ್ರೆಯ ಚಟ್ಟಕ್ಕೂ ಅದೇ ಬುಟ್ಟಿಯಿಂದ ಹೂವು ಹೋಗುತ್ತದೆ. ಈ ಹೂವುಗಳನ್ನು ಹೊರಗಿನವೆಂದು ಇಂದು ಯಾರಾದರೂ ಬೇರ್ಪಡಿಸಲು ಹೊರಟರೆ, ಈ ಊರಿನ ಯಾವ ಹಬ್ಬವೂ ಪೂರ್ತಿಯಾಗದು.

ಮೆಕ್ಸಿಕೋದಲ್ಲಿ ಚೆಂಡುಹೂವು ಸತ್ತವರ ಹೂವು. ಪ್ರತಿವರ್ಷ ನವೆಂಬರ್ 1 ಮತ್ತು 2ರಂದು ಅಲ್ಲಿನ ಕುಟುಂಬಗಳು, ಹಿರಿಯರ ಆತ್ಮಗಳು ಆ ಹೂವಿನ ಬಣ್ಣ ಮತ್ತು ವಾಸನೆಯ ಜಾಡು ಹಿಡಿದು ಮನೆಗೆ ಬರುತ್ತವೆಂಬ ನಂಬಿಕೆಯಿಂದ, ಸಮಾಧಿಗಳ ಮೇಲೆ ಅದನ್ನು ಹರಡುತ್ತವೆ. ಸ್ಪೇನಿನವರು ಬರುವ ಮೊದಲಿನಿಂದಲೂ ಅಲ್ಲಿಯ ಜನ ಈ ಹೂವನ್ನು ತಮ್ಮ ಆಚರಣೆಗಳಲ್ಲಿ ಬಳಸುತ್ತಿದ್ದರು. ಕಮ್ಮನಹಳ್ಳಿಗೆ ಹತ್ತಿರದ, ಕಾಕ್ಸ್ ಟೌನ್ ಪಕ್ಕದ ಕಲ್ಪಳ್ಳಿ ಸ್ಮಶಾನದಲ್ಲಿಯೂ ನವೆಂಬರ್ 2ರಂದು, ಕಥೋಲಿಕರು ಸಮಸ್ತ ಮೃತರನ್ನು ನೆನೆಯುವ ದಿನದಂದು, ಗೋರಿಗಳನ್ನು ತೊಳೆದು, ಮೇಣದ ಬತ್ತಿ ಹಚ್ಚಿ, ಚೆಂಡುಹೂವನ್ನು ಹರಡುತ್ತಾರೆ.